ಚಂದ್ರನ ಅಂಗಿಗೆ ಅರಿಶಿನ

೨೦೨೨ನೇ ಇಸವಿ, ಸೆಪ್ಟೆಂಬರ್ ಹತ್ತು, ಶನಿವಾರ, ಬೆಳಿಗ್ಗೆ ಆರೂಕಾಲು. ಅಮೆರಿಕದ ಕ್ಲಾರ್ಕ್ಸ್‌ಬರ್ಗಿನಲ್ಲಿ, ಮಗಳ ಮನೆಯಲ್ಲಿ ಇದ್ದವರು ಇಬ್ಬರು: ನಾನು, ಮತ್ತು ನನ್ನ ಬೀಗಿತ್ತಿ, ಎಂದರೆ ಅಳಿಯನ ತಾಯಿ. ಮಗಳು, ಅಳಿಯ, ಮೊಮ್ಮಗ ಹಿಂದಿನ ಸಂಜೆಯೇ ಯಾರದೋ ಮಗುವಿನ ಬರ್ತ್‌ಡೇ ಎಂದು ಕೆರೊಲಿನಾ ಕಡೆಗೆ ಕಾರಿನಲ್ಲಿ ಹೊರಟಿದ್ದರು.

ತಾರೀಖು, ಗಂಟೆ, ಹಾಜರಿದ್ದವರು ಎಂದು ಮೊದಲು ಬರೆಯದೆ ನನಗೆ ಯಾವ ಮಾತೂ ಶುರುವಾಗುವುದಿಲ್ಲ. ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕಲಿತೆ, ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ರಿಟೈರ್ ಆದೆ. ಹಾಸಿಗೆಯ ಹೊದಿಕೆಯ ಮೂಲೆ ಇಷ್ಟೇ ಕೋನಕ್ಕೆ ಮಡಿಸಬೇಕು ಎಂದು ಬೆರಳಿನ ಗೆಣ್ಣಿಗೆ ಪೆಟ್ಟು ತಿಂದು ಕಲಿತವರ ಕಾಲ ಅದು. ಈಗಲೂ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಮಾಡಬೇಕಾದದ್ದು ಏನೂ ಇಲ್ಲದಿದ್ದರೂ ಎದ್ದೇಳುತ್ತೇನೆ. ಮಂಡಿಗೆ ವ್ಯಾಯಾಮ, ಕಾಫಿ, ಡಿಶ್‌ವಾಷರ್ ಖಾಲಿ ಮಾಡುವುದು, ಮೊಮ್ಮಗನ ಬೂಟು ಜೋಡಿಸುವುದು. ಎಪ್ಪತ್ತರ ಮೇಲಾದ ದೇಹಕ್ಕೆ ಇಷ್ಟು ಶಿಸ್ತು ಯಾಕೆ ಎಂದು ಮಗಳು ಕೇಳುತ್ತಾಳೆ. ಶಿಸ್ತು ಬಿಟ್ಟರೆ ಸುಸ್ತು ಮಾತ್ರ ಉಳಿಯುತ್ತದೆ ಎಂದು ಅವಳಿಗೆ ಹೇಳಲು ಹೋಗಿಲ್ಲ.

ಅವತ್ತು ಡೈನಿಂಗ್ ಟೇಬಲ್ಲಿನ ಮೇಲೆ, ಹಳೆಯ ಬೆಡ್‌ಶೀಟಿನ ಕೆಳಗೆ, ಒಂದು ನಿಲುವಂಗಿ ಮಲಗಿತ್ತು. ಸಂಜೆ ಏಳಕ್ಕೆ ಅದು ಸಿದ್ಧವಾಗಿರಬೇಕಿತ್ತು. ಕೆಳಗಿನ ಅಂಚಿನಲ್ಲಿ ಒಂದು ಗೇಣಿನಷ್ಟು ಹೊಲಿಗೆ ಬಾಕಿ. ಆ ಒಂದು ಗೇಣನ್ನು ತಾನೇ ಹೊಲಿಯುತ್ತೇನೆಂದು ಪಕ್ಕದ ಮನೆಯ ಅಕ್ಕ ಬಿಟ್ಟಿಟ್ಟಿದ್ದರು.

ಪಕ್ಕದ ಮನೆಯ ಅಕ್ಕ ಚೀನಾದವರು. ನನಗಿಂತ ಎರಡು ವರ್ಷ ದೊಡ್ಡವರು, ಅದಕ್ಕೇ ಅಕ್ಕ. ಆ ಪದವನ್ನು ಅವರಿಗೆ ಹೇಳಿಕೊಟ್ಟದ್ದೂ ನಾನೇ. ಅವರು ನನ್ನನ್ನು ‘ನರ್ಸ್’ ಎನ್ನುತ್ತಾರೆ. ನಮ್ಮಿಬ್ಬರ ಇಂಗ್ಲಿಷೂ ಒಂದೇ ತೂಕದ್ದು. ಇಬ್ಬರಿಗೂ ಕ್ರಿಯಾಪದ ಕೈಕೊಡುತ್ತದೆ, ಆದ್ದರಿಂದ ಇಬ್ಬರಿಗೂ ನಾಚಿಕೆಯಿಲ್ಲ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಯಜಮಾನರು ಹರೆಯದಲ್ಲಿ ತಮ್ಮೂರಿನ ನಾಟಕ ಕಂಪನಿಯೊಂದರಲ್ಲಿ ಉಡುಪು ಕತ್ತರಿಸುವ ಕೆಲಸ ಮಾಡಿದವರು. ರಾಜ, ಮಂತ್ರಿ, ಸೇನಾಪತಿ ಎಲ್ಲರ ಬಟ್ಟೆಯೂ ಅವರ ಕತ್ತರಿಯಿಂದಲೇ ಬರಬೇಕು. ಅಮೆರಿಕಕ್ಕೆ ಬಂದಮೇಲೆ ಆ ಕೆಲಸ ಬಿಟ್ಟುಹೋಗಿತ್ತು. ೨೦೨೦ರ ಶುರುವಿನಲ್ಲಿ, ಮೊಮ್ಮಗಳು ಚಂದ್ರನ ಹಬ್ಬದ ದಿನ ರಾಜನ ವೇಷಕ್ಕೆ ಹಾಕಿಕೊಳ್ಳಲಿ ಎಂದು ಒಂದು ರೇಷ್ಮೆ ನಿಲುವಂಗಿ ಕತ್ತರಿಸಿದರು. ಹೊಲಿಯಲು ಕೂರುವ ಮೊದಲೇ ಜ್ವರ ಬಂತು, ಆಸ್ಪತ್ರೆಗೆ ಹೋದರು, ವಾಪಸು ಬರಲಿಲ್ಲ. ಯಾರ ಮನೆಗೆ ಯಾರೂ ಹೋಗುವ ಹಾಗಿರಲಿಲ್ಲ ಆಗ. ನಾನು ನಮ್ಮ ಡೆಕ್ಕಿನ, ಎಂದರೆ ಮನೆಯ ಹಿಂದಿನ ಮರದ ಜಗಲಿಯ, ಮೇಲೆ ನಿಂತು ನೋಡಿದೆ. ಅಕ್ಕ ಅವರ ಡೆಕ್ಕಿನ ಮೇಲೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ತಲೆನೋವಿರಬೇಕು ಎಂದುಕೊಂಡೆ. ಅದು ಅವರ ಸೂತಕದ ಬಣ್ಣ ಎಂದು ಎರಡು ವರ್ಷ ಕಳೆದಮೇಲೆ ತಿಳಿಯಿತು. ಮೊಮ್ಮಗಳು ಅಟ್ಲಾಂಟಾದಲ್ಲಿ ತಂದೆತಾಯಿಯ ಜೊತೆ ಇದ್ದವಳು. ಆಗಲೂ ಬರಲಾಗಲಿಲ್ಲ, ಆಮೇಲೂ ಬಂದಿರಲಿಲ್ಲ.

ಕತ್ತರಿಸಿದ ಬಟ್ಟೆ ಎರಡು ವರ್ಷ ಕಾಗದದಲ್ಲಿ ಸುತ್ತಿಕೊಂಡು ಅವರ ಬೀರುವಿನಲ್ಲಿತ್ತು. ೨೦೨೨ರ ಮೇ ತಿಂಗಳಲ್ಲಿ ಅಕ್ಕ ಅದನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದರು. ‘ನರ್ಸ್, ನಿನಗೆ ಹೊಲಿಯಲು ಬರುತ್ತೆ ಅಲ್ಲವೆ?’ ಎಂದರು.

‘ಮನುಷ್ಯರನ್ನು ಹೊಲಿಯುವಾಗ ಪಕ್ಕದಲ್ಲಿ ನಿಂತಿದ್ದೇನೆ’ ಎಂದೆ.

‘ಸಾಕು’ ಎಂದರು.

ಹೀಗೆ ಬೇಸಿಗೆಯಿಡೀ ನಮ್ಮ ಟೇಬಲ್ಲು ಹೊಲಿಗೆಗೆ ಹೋಯಿತು. ಉದ್ದದ ಹೊಲಿಗೆಗೆ ಅಕ್ಕ ತಂದಿಟ್ಟ ಮಷಿನ್ನು, ತೋಳಿನ ತುದಿಗೂ ಅಂಚಿಗೂ ಕೈಹೊಲಿಗೆ. ಮೊಮ್ಮಗನನ್ನು ಮಲಗಿಸಿದ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕು. ಅಕ್ಕನಿಗೆ ಹತ್ತಿರದ್ದು ಕಾಣದು, ನನಗೆ ಬೆರಳು ಬಾಗದು. ಒಂದು ತೋಳಿಗೆ ಒಂದು ತಿಂಗಳು ಹಿಡಿಯಿತು. ತೋಳಿನ ತುದಿ ಕುದುರೆಯ ಗೊರಸಿನ ಆಕಾರದಲ್ಲಿ ಅಂಗೈ ಹಿಂಭಾಗವನ್ನು ಮುಚ್ಚಬೇಕು. ಅದನ್ನು ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಇಬ್ಬರಿಗೂ ಸಾಕಾಗಿಹೋಯಿತು. ಡ್ರ್ಯಾಗನ್ ಕಸೂತಿ ಹಾಕುವ ಶಕ್ತಿ ಯಾರಿಗಿದೆ? ಎದೆಯ ಮೇಲೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಒಂದು ಕಸೂತಿ ಪಟ್ಟಿ ಕೂರಿಸಿದೆವು.

ಬಣ್ಣದ ವಿಷಯ ಮೊದಲ ದಿನವೇ ಬಂತು. ಬಟ್ಟೆ ತೆಳು ನೀಲಿ. ಅಕ್ಕ ಅದನ್ನು ಬಿಳಿ ಎಂದರು. ಕನ್ನಡಕ ಬದಲಿಸಬೇಕು ನೀವು ಎಂದೆ. ಅಲ್ಲ, ಇದರ ಹೆಸರೇ ಚಂದ್ರನ ಬಿಳಿ ಎಂದರು. ಹುಣ್ಣಿಮೆಯ ರಾತ್ರಿ ಬಿಳಿಯ ಗೋಡೆಯನ್ನು ನೋಡು, ಅದು ಬಿಳಿಯಾಗಿರುತ್ತದೆಯೆ? ಈ ಬಣ್ಣವೇ ಇರುತ್ತದೆ. ಆ ರಾತ್ರಿ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಕೊನೆಯ ರಾಜವಂಶದ ಅರಮನೆಯಲ್ಲಿ ಚಕ್ರವರ್ತಿಗೂ ತನ್ನಿಷ್ಟದ ಬಟ್ಟೆ ಹಾಕಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲವಂತೆ. ಆಕಾಶಕ್ಕೆ ಪೂಜೆ ಮಾಡುವ ದಿನ ಗಾಢ ನೀಲಿ. ಭೂಮಿಗೆ ಹಳದಿ. ಸೂರ್ಯನಿಗೆ ಕೆಂಪು. ಚಂದ್ರನಿಗೆ ಈ ತೆಳು ನೀಲಿ. ನಮ್ಮ ಡ್ಯೂಟಿ ಚಾರ್ಟಿನ ಹಾಗೆ ಎಂದು ನನಗೆ ತಕ್ಷಣ ಹಿಡಿಸಿತು. ನಮ್ಮಲ್ಲೂ ಹೊಸದಾಗಿ ಸೇರಿದವಳ ಬೆಲ್ಟಿನ ಬಣ್ಣ ಬೇರೆ, ಪಾಸಾದವಳದು ಬೇರೆ, ವಾರ್ಡಿನ ಸಿಸ್ಟರದು ಬೇರೆ. ದೂರದಿಂದಲೇ ಯಾರಿಗೆ ಎದ್ದು ನಿಲ್ಲಬೇಕು ಎಂದು ಗೊತ್ತಾಗಬೇಕು. ಅಲ್ಲೂ ಅಷ್ಟೇ. ಉಜ್ವಲ ಹಳದಿ ಚಕ್ರವರ್ತಿಗೆ, ಅವನ ಮಹಾರಾಣಿಗೆ. ಪಟ್ಟಕ್ಕೆ ಬರುವ ಮಗನಿಗೆ ಜರ್ದಾಳು ಹಣ್ಣಿನ ಹಳದಿ, ಕೊಂಚ ಕೆಂಪಿಗೆ ತಿರುಗಿದ್ದು. ಮಿಕ್ಕ ಮಕ್ಕಳಿಗೆ ಇನ್ನೊಂದು ಬಗೆಯ, ಬಂಗಾರದ ಹಳದಿ. ಅಧಿಕಾರಿಗಳಿಗೆ ಮೇಲಂಗಿ ಕಪ್ಪು ಎನ್ನುವಷ್ಟು ನೀಲಿ. ಎದೆಯ ಮೇಲಿನ ಹಕ್ಕಿಯನ್ನೋ ಮೃಗವನ್ನೋ ನೋಡಿ ಯಾವ ದರ್ಜೆ ಎಂದು ತಿಳಿಯಬೇಕು. ತನ್ನದಲ್ಲದ ಹಳದಿ ಮೈಮೇಲೆ ಕಂಡರೆ ದೊಡ್ಡ ಅಪರಾಧ. ರಾಜನೇ ಮೆಚ್ಚಿ ಹಳದಿಯ ಜಾಕೆಟ್ಟು ಕೊಟ್ಟರೆ ಮಾತ್ರ ಹಾಕಿಕೊಳ್ಳಬಹುದು.

ಇದನ್ನೆಲ್ಲ ಅಕ್ಕನಿಗೆ ಹೇಳಿದ್ದು ಯಜಮಾನರು. ನಾಟಕ ಕಂಪನಿಯಲ್ಲಿ ಹಳದಿ ದಾರ ಮುಗಿದಿದೆ ಎಂದು ಯಾರೋ ಜರ್ದಾಳು ಬಣ್ಣದ ದಾರದಲ್ಲಿ ರಾಜನ ಗುಂಡಿ ಕಟ್ಟಿದರೆ, ಇವರು ಬಿಚ್ಚಿಸಿ ಹೊಸದಾಗಿ ಕಟ್ಟಿಸುತ್ತಿದ್ದರಂತೆ. ‘ನೋಡುವವರಿಗೆ ಕಾಣುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು’ ಎಂದು ಅಕ್ಕ ಹೇಳಿದರು. ನಾನು ಒಮ್ಮೆಯೂ ಮಾತಾಡಿಸಿರದ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ಆದರೆ ಒಂದು ವಿಷಯಕ್ಕೆ ನಾನು ಗೊಣಗುತ್ತಿದ್ದೆ. ಅಂಗಿಯ ಕೆಳಗಿನ ಅಂಚಿನಲ್ಲಿ ಒಳಮಡಿಕೆಗೆಂದು ಅವರು ವಿಪರೀತ ಬಟ್ಟೆ ಬಿಟ್ಟಿದ್ದರು, ಅಂಗೈ ಅಗಲಕ್ಕಿಂತ ಜಾಸ್ತಿ. ಎಲ್ಲಿಗೆ ಮಡಿಸಬೇಕು ಎಂದು ದರ್ಜಿಯ ಸೀಮೆಸುಣ್ಣದಲ್ಲಿ ಸುತ್ತಲೂ ಒಂದು ಗೆರೆ ಎಳೆದಿದ್ದರು. ಇಷ್ಟು ದಪ್ಪ ಮಡಿಕೆ ಭಾರ, ಸ್ವಲ್ಪ ಕತ್ತರಿಸೋಣ ಎಂದೆ. ‘ಅವರು ಬಿಟ್ಟದ್ದು’ ಎಂದರು ಅಕ್ಕ. ಅಲ್ಲಿಗೆ ಮಾತು ಮುಗಿಯಿತು. ಆ ಗೆರೆಯ ಮೇಲೆಯೇ ಮಡಿಸುತ್ತ ಬಂದೆವು. ಹೊಲಿದಷ್ಟು ದೂರ ಗೆರೆ ಮಡಿಕೆಯೊಳಗೆ ಸೇರಿಹೋಗುತ್ತಿತ್ತು. ಹಾಗಾಗಿ ಅಕ್ಕ ಕೊನೆಯ ಒಂದು ಗೇಣನ್ನು ಬಿಟ್ಟಿಟ್ಟಿದ್ದರು. ಯಜಮಾನರ ಕೈಯ ಗೆರೆ ಕಣ್ಣಿಗೆ ಕಾಣುವ ಹಾಗೆ ಉಳಿದಿದ್ದದ್ದು ಅಷ್ಟೇ.

ಇದಾವುದೂ ನನ್ನ ಬೀಗಿತ್ತಿಗೆ ಗೊತ್ತಿರಲಿಲ್ಲ. ಅವರು ಇಲ್ಲೇ ಹತ್ತಿರದ ಆಶ್‌ಬರ್ನಿನಲ್ಲಿ ಕಿರಿಯ ಮಗನ ಮನೆಯಲ್ಲಿದ್ದು, ನಮ್ಮಲ್ಲಿಗೆ ಬಂದು ಎರಡು ದಿನವಾಗಿತ್ತು ಅಷ್ಟೆ. ಮೈಸೂರಿನವರು. ಮಡಿ, ಹಬ್ಬ, ಹುಣ್ಣಿಮೆ ಯಾವುದನ್ನೂ ಬಿಡುವವರಲ್ಲ. ಅವತ್ತು ಹುಣ್ಣಿಮೆ, ಸತ್ಯನಾರಾಯಣನ ಪೂಜೆ ಎಂದು ಬೆಳಿಗ್ಗೆಯೇ ಸ್ನಾನ ಮುಗಿಸಿ ಹಳದಿ ಸೀರೆ ಉಟ್ಟಿದ್ದರು. ಅಂಗಿ ಯಾರಿಗೆ ಎಂದು ಕೇಳಿದರು. ಪಕ್ಕದ ಮನೆಯವರ ಮೊಮ್ಮಗಳಿಗೆ, ಇವತ್ತು ಅವರದು ಚಂದ್ರನ ಹಬ್ಬ, ಅವಳು ರಾಜನ ವೇಷ ಹಾಕಿ ಚಂದ್ರನಿಗೆ ಪೂಜೆ ಮಾಡುತ್ತಾಳೆ ಎಂದೆ. ಅಷ್ಟು ಹೇಳಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಇಳಿದು ಬಂದಾಗ ಅವರು ಟೇಬಲ್ಲಿನ ಪಕ್ಕ ನಿಂತಿದ್ದರು. ಬೆಡ್‌ಶೀಟು ಸರಿದಿತ್ತು. ಕೈಯಲ್ಲಿ ಅರಿಶಿನದ ಬಟ್ಟಲು. ಅಂಗಿಯ ಕೆಳಮೂಲೆಯಲ್ಲಿ, ಹೊಲಿಯದೆ ಬಿಟ್ಟ ಆ ಗೇಣಿನ ಜಾಗದಲ್ಲಿ, ಎರಡು ಬೆರಳಗಲ ಅರಿಶಿನ.

‘ಏನ್ರೀ ಇದು?’ ಎಂದೆ.

‘ಹೊಸಾ ಬಟ್ಟೆ ಅಲ್ವೇನ್ರೀ? ಅರಿಶಿನ ಇಡದೇನೆ ಹಾಕ್ಕೊಳ್ತಾರಾ? ನಾಳೆಯಿಂದ ಪಿತೃಪಕ್ಷ ಬೇರೆ, ಹೊಸದು ಮುಟ್ಟೋ ಹಾಗಿಲ್ಲ. ಆ ಮಗುಗೆ ಒಳ್ಳೇದಾಗ್ಲಿ ಅಂತ ಒಂದು ಚುಕ್ಕೆ ಇಟ್ಟೆ.’

‘ಇದು ಚುಕ್ಕೇನಾ?’

‘ಸ್ವಲ್ಪ ನೀರು ಜಾಸ್ತಿ ಆಯ್ತು. ಹರಡ್ಕೊಂಡ್ಬಿಡ್ತು.’

ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದೇ. ನನ್ನ ಯೂನಿಫಾರ್ಮಿಗೂ ಅಮ್ಮ ಹೀಗೆಯೇ ಅರಿಶಿನ ಹಚ್ಚಿ ಕಳಿಸಿದ್ದರು. ಬೇರೆ ಯಾವ ಬಟ್ಟೆಯಾಗಿದ್ದರೂ ನಾನೂ ಸುಮ್ಮನಿರುತ್ತಿದ್ದೆ. ಆದರೆ ತೆಳು ನೀಲಿಯ ಮೇಲೆ ಅರಿಶಿನ ಹಸಿರು ಹಸಿರಾಗಿ, ಕೊಳೆತ ಎಲೆಯ ಹಾಗೆ ಕಾಣುತ್ತಿತ್ತು. ಹಳದಿ ಯಾರದು, ಈ ಬಟ್ಟೆ ಯಾರು ಕತ್ತರಿಸಿದ್ದು ಎಂದು ನಿಂತಲ್ಲಿಯೇ ಚುಟುಕಾಗಿ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. ‘ಅಯ್ಯೋ, ಮೊದ್ಲೇ ಹೇಳ್ಬಾರದಾ’ ಎಂದವರೇ ಅಂಗಿಯ ಮೂಲೆ ಹಿಡಿದುಕೊಂಡು ಸಿಂಕಿಗೆ ನಡೆದರು. ಬೇಡ ಎನ್ನುವಷ್ಟರಲ್ಲಿ ಊರಿಂದ ತಂದಿದ್ದ ಬಟ್ಟೆ ಸೋಪು ಹಚ್ಚಿ ಉಜ್ಜಿಯಾಗಿತ್ತು. ಸೋಪು ತಾಗಿದ ಕೂಡಲೇ ಹಳದಿ ಹೋಗಿ ಇಟ್ಟಿಗೆಯ ಕೆಂಪಾಯಿತು.

‘ಕುಂಕುಮದ ಥರ ಆಯ್ತಲ್ರೀ’ ಎಂದರು ಸಣ್ಣ ದನಿಯಲ್ಲಿ.

‘ಸೂರ್ಯನ ಪೂಜೆಗೆ ಆಗತ್ತೆ ಬಿಡಿ’ ಎಂದೆ. ನಗಲು ಇಬ್ಬರಿಗೂ ಆಗಲಿಲ್ಲ.

ನಲ್ಲಿಯ ಕೆಳಗಿನಿಂದ ಬಟ್ಟೆ ತೆಗೆದುಕೊಂಡೆ. ಸೋಪನ್ನು ತಣ್ಣೀರಿನಲ್ಲಿ ಪೂರ್ತಿ ಬಿಡಿಸಿ, ನಿಂಬೆರಸ ನೀರಿಗೆ ಬೆರೆಸಿ ಹತ್ತಿಯಲ್ಲಿ ಒತ್ತಿದೆ. ಕೆಂಪು ಇಳಿದು ಮತ್ತೆ ಹಳದಿಗೆ ಬಂತು. ಇನ್ನು ಬಿಸಿಲೇ ಗತಿ. ಅರಿಶಿನಕ್ಕೆ ಬಿಸಿಲು ಆಗದು. ಡೆಕ್ಕಿನ ಮೇಲೆ ಕುರ್ಚಿ ಇಟ್ಟು, ಅಂಗಿಯನ್ನೆಲ್ಲ ಬೆಡ್‌ಶೀಟಿನಲ್ಲಿ ಸುತ್ತಿ, ಕಲೆಯಾದ ಮೂಲೆಯನ್ನು ಮಾತ್ರ ಹೊರಗೆ ಬಿಟ್ಟು ಹರಡಿದೆ. ಮೋಡ ಇತ್ತು. ಬಿಸಿಲು ಬಂದು ಹೋಗಿ ಮಾಡುತ್ತಿತ್ತು. ನಾನು ಕುರ್ಚಿಯನ್ನು ಅದರ ಹಿಂದೆ ಹಿಂದೆ ಸರಿಸುತ್ತ ಕೂತೆ.

ಆಗ ಕಂಡಿತು. ಕಲೆ ತೆಳುವಾಗುತ್ತಿತ್ತು, ಆದರೆ ಗೆರೆ ಇರಲಿಲ್ಲ. ಸೀಮೆಸುಣ್ಣ ನೀರಿಗೆ ನಿಲ್ಲುತ್ತದೆಯೆ? ಆ ಒಂದು ಗೇಣು ಪೂರ್ತಿ ಅಳಿಸಿಹೋಗಿತ್ತು. ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದೆ, ಓರೆ ಮಾಡಿ ಹಿಡಿದೆ. ಏನೂ ಇರಲಿಲ್ಲ.

ಬೀಗಿತ್ತಿ ಎರಡು ಲೋಟ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ವಿಷಯ ತಿಳಿಯಿತು.

‘ಒಂದ್ ಕೆಲ್ಸ ಮಾಡಿ’ ಎಂದರು. ‘ಹೆಂಗೂ ಒಳಗೆ ಮಡಿಸೋ ಜಾಗ. ಅವ್ರು ಬರೋಷ್ಟರಲ್ಲಿ ನೀವೇ ಮಡಿಸಿ ಹೊಲ್ದುಬಿಡಿ. ಕಲೇನೂ ಕಾಣಲ್ಲ, ಗೆರೇನೂ ಕೇಳಲ್ಲ. ಪಾಪ, ಹಬ್ಬದ ದಿನ ಯಾಕೆ ನೋಯಿಸ್ಬೇಕು ಅವ್ರನ್ನ?’

ಸುಳ್ಳು ಹೇಳಲಿಕ್ಕೆ ನನಗೂ ಆಸೆಯಾಯಿತು. ನಿಜವಾಗಿ ಹೇಳಬೇಕೆಂದರೆ ದಣಿವಾಗಿತ್ತು. ನಾಲ್ಕು ತಿಂಗಳ ಹೊಲಿಗೆ, ಅದಕ್ಕಿಂತ ಹಿಂದಿನ ಎರಡು ವರ್ಷ, ಇನ್ನೊಬ್ಬರ ಮುಖ ಬಾಡುವುದನ್ನು ನೋಡುವುದು ಎಲ್ಲ ಸಾಕಾಗಿತ್ತು. ಆದರೆ ಥಿಯೇಟರಿನಲ್ಲಿ ಒಂದು ನಿಯಮವಿತ್ತು. ಹೊಟ್ಟೆ ಮುಚ್ಚಿ ಹೊಲಿಯುವ ಮೊದಲು, ಒಳಗೆ ಏನಾದರೂ ಉಳಿದಿದ್ದರೆ, ಏನಾದರೂ ಎಡವಟ್ಟಾಗಿದ್ದರೆ, ನರ್ಸು ಬಾಯಿ ಬಿಟ್ಟು ಹೇಳಬೇಕು. ಹೊಲಿದಾದ ಮೇಲೆ ಹೇಳಿ ಪ್ರಯೋಜನವಿಲ್ಲ. ಎಂಥ ದೊಡ್ಡ ಡಾಕ್ಟರು ಗದರಿದರೂ ಹೇಳಲೇಬೇಕು.

‘ಮುಚ್ಚೋ ಮೊದ್ಲು ಹೇಳ್ಬೇಕು’ ಎಂದೆ.

‘ನಾನೇ ಬರ್ತೀನಿ. ಮಾಡಿದ್ದು ನಾನಲ್ವಾ’ ಎಂದರು ಬೀಗಿತ್ತಿ.

ಕರೆಯುವ ಮೊದಲೇ ಅಕ್ಕ ಬಂದುಬಿಟ್ಟರು, ಕೈಯಲ್ಲಿ ಹಬ್ಬದ ಸಿಹಿಯ ಡಬ್ಬಿ ಹಿಡಿದು. ಬೀಗಿತ್ತಿಯನ್ನು ಅವರು ನೋಡಿದ್ದು ಅದೇ ಮೊದಲು. ಹಳದಿ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, ‘ಓ, ಮಹಾರಾಣಿ’ ಎಂದು ನಕ್ಕರು. ಬೀಗಿತ್ತಿಗೆ ಇಂಗ್ಲಿಷ್ ಅಷ್ಟು ಬಾರದಿದ್ದರೂ ಆ ಮಾತು ತಿಳಿದು ಇನ್ನಷ್ಟು ಕುಗ್ಗಿದರು. ನಾನು ಡೆಕ್ಕಿಗೆ ಕರೆದುಕೊಂಡು ಹೋಗಿ ಮೂಲೆಯನ್ನು ತೋರಿಸಿದೆ. ಆದದ್ದನ್ನು ಆದ ಕ್ರಮದಲ್ಲಿ ಹೇಳಿದೆ.

ಅಕ್ಕ ಕಲೆಯ ಮೇಲೆ ಬೆರಳಾಡಿಸಿದರು. ಅದು ಆಗಲೇ ಹಳೆಯ ಕಾಗದದಷ್ಟು ಮಾಸಿತ್ತು.

‘ಇದು ಯಾಕೆ ಹಾಕುವುದು?’

‘ಹಾಕಿಕೊಂಡವರಿಗೆ ಕೆಟ್ಟದಾಗದಿರಲಿ ಎಂದು.’

‘ರಾಜರಿಗೆ ಮಾತ್ರವೆ?’

‘ಇಲ್ಲ. ಎಲ್ಲರಿಗೂ.’

‘ಬಡವರಿಗೂ?’

‘ಎಲ್ಲರಿಗೂ.’

ಈ ಹಳದಿ ಬೇರೆಯವರ ಮೈಮೇಲಿದ್ದರೆ ತಲೆ ಹೋಗುತ್ತಿತ್ತು ಎಂದು ಅಂಗೈಯನ್ನು ಕತ್ತಿಯ ಹಾಗೆ ಕುತ್ತಿಗೆಯ ಬಳಿ ಆಡಿಸಿದರು. ಬೀಗಿತ್ತಿ ತಮ್ಮ ಕುತ್ತಿಗೆ ಮುಟ್ಟಿಕೊಂಡರು. ‘ಆದರೆ ಚಂದ್ರನ ಅಂಗಿ ಹಾಕುವವನೂ ರಾಜನೇ’ ಎಂದರು ಅಕ್ಕ. ‘ಹಳದಿ ಅವನದೇ. ಮಹಾರಾಣಿಯೇ ಇಟ್ಟಿದ್ದಾಳೆ. ತಪ್ಪಿಲ್ಲ.’

ಅದನ್ನು ಬೀಗಿತ್ತಿಗೆ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅಕ್ಕನ ಬೆರಳು ಕಲೆಯನ್ನು ದಾಟಿ ಹೋಗಿ, ಹೊಲಿಗೆಯ ತುದಿ ಮುಟ್ಟಿ, ಮತ್ತೆ ಹಿಂದಕ್ಕೆ ಬಂತು.

‘ಗೆರೆ?’ ಎಂದರು.

ನೀರಿಗೆ ಹೋಯಿತು ಎಂದೆ. ಸೋಪಿಗೆ ಎಂದು ಹೇಳಬೇಕಿತ್ತೇನೋ.

ಅವರು ಬೈದಿದ್ದರೆ ಅನುಕೂಲವಾಗುತ್ತಿತ್ತು. ಕುರ್ಚಿಯ ಮೇಲೆ ಬಟ್ಟೆಯನ್ನು ಇದ್ದ ಹಾಗೆಯೇ ಬಿಟ್ಟು, ಸಿಹಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲಿಳಿದು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೀಗಿತ್ತಿ ಪೂಜೆಗೆ ಕೂತರು. ಪ್ರಸಾದದ ಸಪಾದಕ್ಕೆ ರವೆ ಹುರಿಯುವ ವಾಸನೆ ಬಂತು, ಗಂಟೆಯ ಸದ್ದು ಬಂತು. ನಾನು ಕುರ್ಚಿ ಸರಿಸುತ್ತ ಹೊರಗೇ ಇದ್ದೆ. ಪ್ರಸಾದ ಕೊಡಲು ಬಂದವರು, ‘ಅವ್ರು ಸಂಜೆ ಬರ್ತಾರೇನ್ರೀ?’ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಂಗಿಯಿಲ್ಲದೆ ಆ ಹುಡುಗಿ ಏನು ಹಾಕಿಕೊಳ್ಳುತ್ತಾಳೆ ಎಂದೂ ಗೊತ್ತಿರಲಿಲ್ಲ. ಆ ಗೆರೆಯಿಲ್ಲದೆ ಅಕ್ಕ ಅದನ್ನು ಮುಗಿಸಲು ಒಪ್ಪುತ್ತಾರೆಯೇ ಎಂಬುದೇ ಉಳಿದಿದ್ದ ಪ್ರಶ್ನೆ.

ಮಧ್ಯಾಹ್ನ ಒಂದರ ಹೊತ್ತಿಗೆ ಪಕ್ಕದ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಅಟ್ಲಾಂಟಾದ ವಿಮಾನದಲ್ಲಿ ಬಂದ ಮೊಮ್ಮಗಳು ಇಳಿದಳು. ಫೋಟೊದಲ್ಲಿ ನೋಡಿದ್ದ ಹುಡುಗಿ ಚಿಕ್ಕವಳು. ಇಳಿದವಳು ಕಾಲೇಜಿನವಳು, ಅಜ್ಜಿಗಿಂತ ಒಂದು ತಲೆ ಎತ್ತರ. ಅರ್ಧ ಗಂಟೆಯ ನಂತರ ಇಬ್ಬರೂ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಕ್ಕನ ಕಣ್ಣು ಊದಿತ್ತು. ಅವಳಿಗೆ ಹಾಕಿ ನೋಡಬೇಕು ಎಂದಷ್ಟೇ ಹೇಳಿದರು.

ಹುಡುಗಿ ನಮಗೆ ‘ಹಾಯ್ ಆಂಟಿ, ಹಾಯ್ ಆಂಟಿ’ ಎಂದಳು. ಅವಳ ಊರಿನಲ್ಲಿರುವ ನಮ್ಮವರ ಮಕ್ಕಳಿಂದ ಕಲಿತಿರಬೇಕು. ಅಂಗಿಯನ್ನು ತೊಡಿಸಿದೆವು. ಭುಜ ಕೂತಿತು, ತೋಳು ಸ್ವಲ್ಪ ಮೇಲಾದರೂ ಕೂತಿತು, ಗುಂಡಿಯೂ ಸೇರಿತು. ಕೆಳಗೆ ನೋಡಿದರೆ ಅಂಚು ಪಾದದಿಂದ ನಾಲ್ಕು ಬೆರಳಷ್ಟು ಮೇಲಿತ್ತು. ಅವಳ ಕಾಲುಚೀಲ ಇಡೀ ಕಾಣುತ್ತಿತ್ತು.

ನಾಲ್ಕು ತಿಂಗಳು ಇಬ್ಬರು ಮುದುಕಿಯರು ಒಂದು ಗೆರೆಯನ್ನು ಕಣ್ಣಿಗೊತ್ತಿಕೊಂಡು ಹೊಲಿದೆವು. ಹುಡುಗಿಯ ಎತ್ತರ ಎಷ್ಟು ಎಂದು ಫೋನಿನಲ್ಲಿ ಕೇಳುವುದು ಇಬ್ಬರಿಗೂ ಹೊಳೆಯಲಿಲ್ಲ. ಅಕ್ಕನ ಮನಸ್ಸಿನಲ್ಲಿ ಅವಳು ಯಜಮಾನರು ಅಳತೆ ತೆಗೆದ ದಿನದ ಎತ್ತರದಲ್ಲಿಯೇ ನಿಂತಿದ್ದಳು. ನನ್ನ ಮನಸ್ಸಿನಲ್ಲಿ ಅವಳು ಫೋಟೊದಲ್ಲಿದ್ದಳು.

‘ಇಟ್ಸ್ ಓಕೆ ಅಜ್ಜಿ, ನನಗೆ ಹೀಗೇ ಇಷ್ಟ’ ಎಂಬ ಅರ್ಥದಲ್ಲಿ ಹುಡುಗಿ ಏನೋ ಹೇಳಿದಳು. ಮಕ್ಕಳು ಹೇಳುವ ಒಳ್ಳೆಯ ಸುಳ್ಳು.

ಬೀಗಿತ್ತಿ ನೆಲದ ಮೇಲೆ ಕೂತು ಅಂಚನ್ನು ತಿರುಗಿಸಿ ನೋಡುತ್ತಿದ್ದರು. ಮೂವರು ಮುದುಕಿಯರಲ್ಲಿ ಕಣ್ಣು ನೆಟ್ಟಗಿದ್ದದ್ದು ಅವರದೇ, ಎರಡಕ್ಕೂ ಪೊರೆಯ ಆಪರೇಷನ್ ಆಗಿತ್ತು. ‘ಒಳಗೆ ಇಷ್ಟೊಂದು ಬಟ್ಟೆ ಇದ್ಯಲ್ರೀ’ ಎಂದರು. ‘ಬಿಚ್ಚಿ ಇಳಿಸಿದ್ರೆ ಸರಿಯಾಗತ್ತೆ. ನಮ್ಮನೇಲಿ ಲಂಗ ಹೊಲಿಸೋವಾಗ ಬೆಳೆಯೋ ಮಕ್ಳಿಗೆ ಹಿಂಗೇ ಬಿಡ್ತಿರ್ಲಿಲ್ವಾ?’

ಅದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ನಾನು ತಡೆದೆ. ಬಿಚ್ಚಿ ಇಳಿಸಿದರೆ ಮಡಿಕೆ ಹೋಗುತ್ತದೆ. ಮಡಿಕೆಯ ಜೊತೆಗೆ ಉಳಿದ ಗೆರೆಯೂ ಬಿಚ್ಚಿಕೊಳ್ಳುತ್ತದೆ, ತೆಳು ರೇಷ್ಮೆಯಲ್ಲಿ ಒಳಮೈಯ ಸುಣ್ಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಬೆಳಿಗ್ಗೆ ಹೋದದ್ದು ಒಂದು ಗೇಣು. ಈಗ ಪೂರ್ತಿ ಹೋಗಬೇಕು.

ಹೇಳಿದೆ. ಅಕ್ಕ ಅಂಚನ್ನು ಕೈಯಲ್ಲಿ ಹಿಡಿದು ದಪ್ಪ ಮಡಿಕೆಯನ್ನು ಹೆಬ್ಬೆರಳಿನಲ್ಲಿ ಒತ್ತಿದರು, ಹಣ್ಣು ಮಾಗಿದೆಯೇ ಎಂದು ನೋಡುವವರ ಹಾಗೆ. ಮೊಮ್ಮಗಳ ಮುಖ ನೋಡಿದರು.

‘ಬೆಳೆಯುತ್ತಾಳೆ ಎಂದು ಅವರಿಗೆ ಗೊತ್ತಿತ್ತು’ ಎಂದರು. ‘ಅದಕ್ಕೇ ಬಿಟ್ಟದ್ದು. ಮರೆತದ್ದು ನಾನು.’ ಆಮೇಲೆ ನನ್ನ ಕಡೆ ತಿರುಗಿ, ‘ನರ್ಸ್, ಕತ್ತರಿ’ ಎಂದರು.

ಥಿಯೇಟರಿನಲ್ಲಿ ಕೊಡುತ್ತಿದ್ದ ಹಾಗೆ ಹಿಡಿಯನ್ನು ಅವರ ಕಡೆ ಮಾಡಿ ಕೊಟ್ಟೆ.

ಬಿಚ್ಚಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಚಿಗೆ ಹಾಕಿದ್ದ ಹೊಲಿಗೆಯೆಲ್ಲ ದಾರದ ತುಂಡುಗಳಾಗಿ ಬೆಡ್‌ಶೀಟಿನ ಮೇಲೆ ಬಿತ್ತು. ಗೆರೆ ಸುತ್ತಲೂ ಕಂಡಿತು, ಮಡಿಕೆಯೊಳಗೆ ಇದ್ದುದರಿಂದ ಹೊಸದಾಗಿ ಎಳೆದಷ್ಟು ಸ್ಪಷ್ಟವಾಗಿ. ಒಂದು ಕಡೆ ಮಾತ್ರ ಕೈ ನಡುಗಿದ ಹಾಗೆ ಅಲೆ ಇತ್ತು. ಅಲ್ಲಿ ಕೆಮ್ಮು ಬಂದಿರಬೇಕು ಎಂದು ನನಗೆ ಅನಿಸಿತು. ಹುಡುಗಿ ಕೇಳಿ ಫೋನಿನಲ್ಲಿ ಫೋಟೊ ತೆಗೆದಳು. ‘ಅದು ನಿನಗೆ’ ಎಂದರು ಅಕ್ಕ. ಆಮೇಲೆ ಬಟ್ಟೆಯ ಬ್ರಷ್ ತೆಗೆದುಕೊಂಡು, ಒಂದೇ ದಿಕ್ಕಿನಲ್ಲಿ, ಮೃದುವಾಗಿ, ಸುತ್ತಲೂ ಉಜ್ಜಿದರು. ಬೇರೆ ಯಾರೂ ಕೈಹಾಕಲಿಲ್ಲ. ಮಗುವಿನ ತಲೆ ಬಾಚುವಷ್ಟು ಹೊತ್ತು ಹಿಡಿಯಿತು ಅಷ್ಟೆ. ಬಿಳಿಯ ಪುಡಿ ಬೆಡ್‌ಶೀಟಿನ ಮೇಲೆ ಉದುರಿತು. ಗೆರೆಯಿದ್ದ ಕಡೆ ಕಣ್ಣಿಗೆ ಏನೂ ಉಳಿಯಲಿಲ್ಲ.

ಯಜಮಾನರು ಗೆರೆ ಎಳೆದಿದ್ದ ಅದೇ ಸೀಮೆಸುಣ್ಣದ ತುಂಡು ಅಕ್ಕನ ಜೇಬಿನಲ್ಲಿತ್ತು. ಹುಡುಗಿಯನ್ನು ಮೊಮ್ಮಗನ ಸ್ಟೂಲಿನ ಮೇಲೆ ನಿಲ್ಲಿಸಿದರು. ಪಾದದವರೆಗೆ ಇಳಿಸಿ ಹೊಸ ಗೆರೆ ಎಳೆದರು. ಬಗ್ಗಲು ಆಗದೆ ಅರ್ಧ ಸುತ್ತಿಗೆ ನಿಲ್ಲಿಸಿ ಸೀಮೆಸುಣ್ಣವನ್ನು ಬೀಗಿತ್ತಿಯ ಕೈಗೆ ಕೊಟ್ಟರು. ಬೀಗಿತ್ತಿ ನನ್ನ ಮುಖ ನೋಡಿದರು. ‘ಎಳೀರಿ, ನಿಮ್ದೇ ಕಣ್ಣು ಚೆನ್ನಾಗಿರೋದು’ ಎಂದೆ. ಉಸಿರು ಹಿಡಿದುಕೊಂಡು ಎಳೆದರು. ರಂಗೋಲಿ ಹಾಕುವ ಕೈ, ಗೆರೆ ನೆಟ್ಟಗೆ ಬಂತು.

ಹೊಸ ಮಡಿಕೆ ಕಿರಿದು, ಒಂದು ಬೆರಳಗಲ. ಮೂವರೂ ಮೂರು ಕಡೆಯಿಂದ ಹೊಲಿದೆವು. ಬೀಗಿತ್ತಿ ಹೊಲಿಗೆ ಹಾಕುವ ಜೊತೆಗೆ ಎಲ್ಲರ ಸೂಜಿಗೂ ದಾರ ಪೋಣಿಸಿಕೊಟ್ಟರು. ಅರಿಶಿನದ ಮೂಲೆ ಬಂದಾಗ ಅರ್ಧ ಕಲೆ ಮಡಿಕೆಯೊಳಗೆ ಹೋಯಿತು, ಅರ್ಧ ಹೊರಗುಳಿಯಿತು. ಇನ್ನೊಂದಿಷ್ಟು ಒಳಕ್ಕೆ ಎಳೆಯಲೇ ಎಂದು ಕೇಳಿದೆ. ಅಕ್ಕ ತಲೆಯಾಡಿಸಿ, ಉದ್ದ ಕಡಿಮೆಯಾಗುತ್ತದೆ, ಇರಲಿ ಎಂದರು. ಬೀಗಿತ್ತಿಗೆ ಅದನ್ನು ಅನುವಾದಿಸಲಿಲ್ಲ. ಅವರಿಗೆ ಕಾಣುತ್ತಲೇ ಇತ್ತು. ಆರರ ಹೊತ್ತಿಗೆ ಕೊನೆಯ ಗಂಟು ಹಾಕಿ ಇಸ್ತ್ರಿ ಮಾಡಿ ಕೊಟ್ಟೆ.

ಕಾಲೊನಿಯ ಕ್ಲಬ್‌ಹೌಸಿನ ಹಿಂದಿನ ಹುಲ್ಲಿನ ಮೇಲೆ ಹಬ್ಬ. ಮಡಚುವ ಕುರ್ಚಿಗಳು, ಕಾಗದದ ಲಾಂದ್ರಗಳು, ಓಡುವ ಮಕ್ಕಳು. ಹುಡುಗಿ ನಡೆದು ಬಂದಾಗ ಅಂಗಿಯ ಅಂಚು ಪಾದವನ್ನು ಮುಚ್ಚಿ ಹುಲ್ಲನ್ನು ಮುಟ್ಟಿಯೂ ಮುಟ್ಟದ ಹಾಗಿತ್ತು. ಸಂಜೆಯ ಬೆಳಕಿನಲ್ಲಿ ಬಣ್ಣ ನೀಲಿಯಿಂದ ಬಿಳಿಗೆ ಸರಿಯುತ್ತಿತ್ತು. ಚಂದ್ರ ಮೋಡದ ಹಿಂದೆ ಇದ್ದ. ಅವನಿರಬೇಕಾದ ಕಡೆಗೆ ತಿರುಗಿ ಅವಳು ಹಣ್ಣು, ಸಿಹಿ ಇಟ್ಟು ಬಾಗಿದಳು. ಬೀಗಿತ್ತಿಯೂ ಕೈಮುಗಿದರು. ಅಕ್ಕ ಮುಗಿಯಲಿಲ್ಲ. ಮಡಿಲಿನಲ್ಲಿ ಕೈಯಿಟ್ಟುಕೊಂಡು ಅಂಚನ್ನೇ ನೋಡುತ್ತಿದ್ದರು. ಅದು ಮುಗಿದಮೇಲೆ, ‘ಉದ್ದ ಸರಿಯಾಗಿದೆ’ ಎಂದರು.

ಎಂಟೂವರೆಗೆ ಮನೆಗೆ ಬಂದೆವು. ಬೀಗಿತ್ತಿ ಕಾಲು ನೋವೆಂದು ಮಲಗಲು ಹೋದರು. ಹೋಗುವಾಗ ಅರಿಶಿನದ ಬಟ್ಟಲನ್ನು ದೇವರ ಮುಂದೆ ಇಟ್ಟು ಮೇಲೊಂದು ತಟ್ಟೆ ಮುಚ್ಚಿದರು. ಅಕ್ಕ ಹೊಲಿಗೆ ಮಷಿನ್ನು ತೆಗೆದುಕೊಂಡು ಹೋಗಲು ಮೊಮ್ಮಗಳ ಜೊತೆ ಬಂದರು. ಟೇಬಲ್ಲಿನ ಮೇಲೆ ಬೆಡ್‌ಶೀಟು ಹಾಗೆಯೇ ಇತ್ತು, ದಾರದ ತುಂಡುಗಳ ನಡುವೆ ಸೀಮೆಸುಣ್ಣದ ಪುಡಿ. ಒದರಲೇ ಎಂದು ಕೇಳಿದೆ. ಅವರು ಮಷಿನ್ನಿನ ತಂತಿ ಸುತ್ತುತ್ತ, ತಲೆಯೆತ್ತದೆ, ಒದರು ಎಂದರು.

ಅವರು ಹೋದಮೇಲೆ ಸೂಜಿಗಳನ್ನು ಎಣಿಸಿದೆ, ಎಲ್ಲವೂ ಇದ್ದವು, ಡಬ್ಬಿಗೆ ಹಾಕಿದೆ. ಬೆಡ್‌ಶೀಟಿನ ನಾಲ್ಕು ಮೂಲೆ ಕೂಡಿಸಿ ಡೆಕ್ಕಿಗೆ ಒಯ್ದು, ಕಟಕಟೆಯಾಚೆ ಹಿಡಿದು ಒದರಿದೆ. ಮತ್ತೊಮ್ಮೆ ಒದರಿದೆ. ಒಳಗೆ ತಂದು, ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟೆ.